ಭಂಗಿ ಗಿಡವೂ ಶಾಸನದ ತಕ್ಕಡಿಯೂ

ಭಂಗಿ ಗಿಡದ ಬೆಳೆಗೂ ಬಳಕೆಗೂ ಶಾಸನದ ಒಪ್ಪಿಗೆ ಕೊಡಬೇಕೆ, ಬೇಡವೆ? ಹಲವು ದೇಶಗಳ ಶಾಸನಸಭೆಗಳನ್ನು ಕಲಕಿದ ಈ ಪ್ರಶ್ನೆ ಈಗ ನಮ್ಮ ದೇಶಕ್ಕೂ ಬಂದಿದೆ. ಒಂದು ಪಕ್ಷದವರು ಈ ಗಿಡವನ್ನು ಸರ್ವರೋಗ ನಿವಾರಕವೆಂದೂ ಬಡರೈತನ ಕಲ್ಪವೃಕ್ಷವೆಂದೂ ಹೊಗಳುತ್ತಾರೆ. ಇನ್ನೊಂದು ಪಕ್ಷದವರು ಇದನ್ನು ಬುಡಸಹಿತ ಕೀಳಬೇಕಾದ ವಿಷವೆನ್ನುತ್ತಾರೆ. ಅರಸೀಕೆರೆಯಂತಹ ಊರಿಗೆ ಇದು ದೂರದ ವಾದವೆಂದು ತೋರಬಹುದು, ವಾಸ್ತವವಾಗಿ ಹಾಗಲ್ಲ. ಈ ತಾಲ್ಲೂಕಿನ ರೈತನು ಮಳೆ ಕಡಿಮೆಯ ನೆಲದಲ್ಲಿ ತೆಂಗನ್ನೂ ರಾಗಿಯನ್ನೂ ನಂಬಿ ಬದುಕುವವನು. ಲಾಭದ ಹೊಸ ಬೆಳೆಯೆಂಬ ಮಾತಿಗೆ ಅವನು ಕಿವಿಗೊಡುವುದು ಸಹಜ. ಬೆಂಗಳೂರು, ಹುಬ್ಬಳ್ಳಿ, ಹಾಸನಗಳ ಹಳಿಗಳು ಕೂಡುವ ಇಲ್ಲಿನ ಜಂಕ್ಷನ್ನಿನಿಂದ ಓದಿಗಾಗಿ ಪರಸ್ಥಳಕ್ಕೆ ಹೊರಡುವ ವಿದ್ಯಾರ್ಥಿಗಳೂ ಉಂಟು. ಗಾಂಜಾದ ಪೊಟ್ಟಣವೊಂದು ಎಂದಾದರೂ ಅವರ ಕೈಯೆಡೆಗೆ ಚಾಚಿ ಬರಬಹುದು. ಆದುದರಿಂದ ರೈತನ ಹಿತ, ವಿದ್ಯಾರ್ಥಿಯ ಕ್ಷೇಮ ಎರಡನ್ನೂ ಎದುರಿಗಿಟ್ಟುಕೊಂಡು ನಾವು ವಿಚಾರ ಮಾಡಬೇಕು.

ಮೊದಲು ಶಾಸನದ ಮಾತು. ಮಾದಕ ದ್ರವ್ಯಗಳ ಬಗೆಗಿನ 1985ರ ಕೇಂದ್ರ ಅಧಿನಿಯಮವು ಈ ಗಿಡವನ್ನು ಅಂಗಾಂಗವಾಗಿ ವಿಭಜಿಸುತ್ತದೆ. ಗಿಡದಿಂದ ಬಿಡಿಸಿ ತೆಗೆದ ಅಂಟು ಚರಸ್. ಹೂವು ಕಾಯಿ ತಳೆದ ತುದಿಗಳು ಗಾಂಜಾ. ಇವೆರಡೂ ನಿಷಿದ್ಧ. ತುದಿಗಳಿಂದ ಬೇರೆಯಾದ ಎಲೆ ಮತ್ತು ಬೀಜ ಗಾಂಜಾದ ವ್ಯಾಖ್ಯೆಯೊಳಗೆ ಬರುವುದಿಲ್ಲ. 2022ರಲ್ಲಿ ಬೆಂಗಳೂರಿನ ಪೊಲೀಸರು ಒಬ್ಬನಿಂದ 29 ಕಿಲೋಗ್ರಾಂ ಭಾಂಗನ್ನೂ 400 ಗ್ರಾಂ ಗಾಂಜಾವನ್ನೂ ವಶಪಡಿಸಿಕೊಂಡರು. ಅದೇ ಆಗಸ್ಟಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅವನಿಗೆ ಜಾಮೀನು ಕೊಟ್ಟಿತು. ಭಾಂಗ್ ನಿಷಿದ್ಧವೆಂದು ಈ ಅಧಿನಿಯಮದಲ್ಲಿ ಎಲ್ಲಿಯೂ ಹೇಳಿಲ್ಲ, ವಶವಾದ ಭಾಂಗ್ ಗಾಂಜಾದಿಂದಲೋ ಚರಸ್ಸಿನಿಂದಲೋ ಆದುದೆಂಬುದಕ್ಕೆ ಆಧಾರವಿಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯ. ಇದು ಜಾಮೀನಿನ ಆದೇಶವೇ ಹೊರತು ಅಂತಿಮ ತೀರ್ಪಲ್ಲ; ರಾಜ್ಯಗಳ ಅಬಕಾರಿ ಶಾಸನಗಳ ಮಾತೂ ಬೇರೆ. ಆದರೂ ಒಂದೇ ಗಿಡದ ಎರಡು ಭಾಗಗಳಿಗೆ ಎಷ್ಟು ಭಿನ್ನವಾದ ಗತಿಯುಂಟೆಂಬುದನ್ನು ಈ ಪ್ರಕರಣ ತೋರಿಸಿಕೊಡುತ್ತದೆ.

ನಿಷಿದ್ಧ ಭಾಗದ ಶಿಕ್ಷೆಯನ್ನು ಶಾಸನವು ತಕ್ಕಡಿಯಿಂದ ನಿರ್ಧರಿಸುತ್ತದೆ. ಗಾಂಜಾ 1 ಕಿಲೋಗ್ರಾಂ ಮೀರದಿದ್ದರೆ ಒಂದು ವರ್ಷದವರೆಗಿನ ಕಠಿನ ಸಜೆ, ಇಲ್ಲವೆ 10,000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡೂ. ವಾಣಿಜ್ಯ ಪ್ರಮಾಣವೆಂದು ಗೊತ್ತುಮಾಡಿರುವ 20 ಕಿಲೋಗ್ರಾಂ ಮೀರಿದರೆ 10ರಿಂದ 20 ವರ್ಷಗಳ ಸಜೆ. ಇಲ್ಲಿ ತೂಗುವುದು ಸೊಪ್ಪಿನ ಭಾರವನ್ನು. ಅದರೊಳಗಿನ ಮದ ಎಷ್ಟೆಂಬುದನ್ನಲ್ಲ. ವಿಜ್ಞಾನದ ಆಕ್ಷೇಪಣೆ ಇರುವುದು ಇಲ್ಲಿಯೇ.

ಭಂಗಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಸಾಮಾನ್ಯವಾಗಿ ಬೇರೆ ಬೇರೆ. ಹೆಣ್ಣು ಹೂಗೊಂಚಲಿನ ಮೇಲಿರುವ ಅತಿ ಸೂಕ್ಷ್ಮ ಗ್ರಂಥಿಗಳು ಅಂಟನ್ನು ಸ್ರವಿಸುತ್ತವೆ. ಮದವನ್ನುಂಟುಮಾಡುವ ವಸ್ತು ಇದರಲ್ಲಿ ಹೆಚ್ಚಾಗಿರುತ್ತದೆ. ಅದರ ಹೆಸರು ಟೆಟ್ರಾಹೈಡ್ರೊಕ್ಯಾನಬಿನಾಲ್; ಚಿಕ್ಕದಾಗಿ ಟಿಎಚ್‌ಸಿ. 1964ರಲ್ಲಿ ಇಸ್ರೇಲಿನ ಮೆಕೂಲಮ್ ಮತ್ತು ಗಾವೊನಿ ಎಂಬ ವಿಜ್ಞಾನಿಗಳು ಇದನ್ನು ಶುದ್ಧವಾಗಿ ಬೇರ್ಪಡಿಸಿ ಇದರ ರಚನೆಯನ್ನು ತಿಳಿಸಿದರು. ಅದೇ ಗಿಡದಲ್ಲಿರುವ ಕ್ಯಾನಬಿಡಯಾಲ್ ಎಂಬ ಇನ್ನೊಂದು ವಸ್ತುವಿಗೆ ಅಮಲು ಬರಿಸುವ ಗುಣವಿಲ್ಲ. ನಾರಿಗಾಗಿ ಬೆಳೆಯುವ ತಳಿಗಳಲ್ಲಿ ಟಿಎಚ್‌ಸಿ ಅತ್ಯಲ್ಪ. ಒಣಗಿದ ಗಿಡದಲ್ಲಿ ಅದು ನೂರಕ್ಕೆ 0.3 ಭಾಗವನ್ನು ಮೀರಬಾರದೆಂದು ಅಮೆರಿಕದ 2018ರ ಕೃಷಿ ಶಾಸನ ಮಿತಿ ಹಾಕಿದೆ. ಅಮಲಿನ ತಳಿಗಳ ಕಥೆ ಬೇರೆ. ಅಮೆರಿಕದಲ್ಲಿ ಪೊಲೀಸರ ವಶವಾದ ಮಾದರಿಗಳಲ್ಲಿ 1995ರಲ್ಲಿ ನೂರಕ್ಕೆ ಸುಮಾರು 4 ಭಾಗ ಇದ್ದ ಟಿಎಚ್‌ಸಿ 2014ರ ವೇಳೆಗೆ ಸುಮಾರು 12 ಭಾಗಕ್ಕೆ ಏರಿತು. ಅಂದಮೇಲೆ ಬರಿಯ ತೂಕದಿಂದ ಅಪಾಯವನ್ನು ಅಳೆಯುವುದು, ಹಸಿ ತೆಂಗಿನಕಾಯನ್ನೂ ಒಣಗಿದ ಕೊಬ್ಬರಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಎಣ್ಣೆಯ ಅಂದಾಜು ಮಾಡಿದಂತಾಗುತ್ತದೆ.

ಶಾಸನದ ಒಪ್ಪಿಗೆ ಬೇಕೆನ್ನುವವರು 1893–94ರ ಭಾರತೀಯ ಭಂಗಿ ಆಯೋಗವನ್ನು ಸಾಕ್ಷಿಗೆ ಕರೆಯುತ್ತಾರೆ. ಸಾವಿರಕ್ಕೂ ಮಿಕ್ಕ ಸಾಕ್ಷಿಗಳನ್ನು ವಿಚಾರಿಸಿದ ಆ ಆಯೋಗವು, ಮಿತವಾದ ಬಳಕೆಯಿಂದ ಹೇಳತಕ್ಕಷ್ಟು ಕೆಡುಕಿಲ್ಲ, ಅತಿಯಾದರೆ ಹಾನಿಯುಂಟು ಎಂದಿತು. ಪೂರ್ಣ ನಿಷೇಧದ ಬದಲು ತೆರಿಗೆ, ಪರವಾನಗಿಗಳನ್ನು ಸೂಚಿಸಿತು. ಅದು ಶ್ರಮದ ವರದಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಟಿಎಚ್‌ಸಿಯ ಹೆಸರನ್ನೇ ಅರಿಯದ ಕಾಲ ಅದು. ನಮ್ಮ ಮಿದುಳು ತಾನೇ ಇಂತಹ ವಸ್ತುವೊಂದನ್ನು ತಯಾರಿಸುತ್ತದೆಂಬುದು ಗೊತ್ತಾದದ್ದು 1992ರಲ್ಲಿ. ಸಂಸ್ಕೃತದ ‘ಆನಂದ’ ಶಬ್ದದಿಂದ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಅದು ಕುಳಿತುಕೊಳ್ಳುವ ಗ್ರಾಹಕಗಳ ಮೇಲೆಯೇ ಟಿಎಚ್‌ಸಿಯೂ ಹೋಗಿ ಕುಳಿತುಕೊಳ್ಳುತ್ತದೆ. ಸ್ಮರಣೆ, ಗಮನ, ಚಲನೆಗಳಿಗೆ ಸಂಬಂಧಿಸಿದ ಭಾಗಗಳಲ್ಲಿ ಈ ಗ್ರಾಹಕಗಳು ದಟ್ಟವಾಗಿವೆ.

ಮನುಷ್ಯನ ಮಿದುಳು ಇಪ್ಪತ್ತೈದು ವರ್ಷದ ಆಸುಪಾಸಿನವರೆಗೂ ಬಲಿಯುತ್ತಿರುತ್ತದೆ. ಬಳಸಿದವರಲ್ಲಿ ಹನ್ನೊಂದು ಮಂದಿಗೆ ಸುಮಾರು ಒಬ್ಬನಂತೆ ಈ ಚಟಕ್ಕೆ ಬೀಳುತ್ತಾರೆಂದೂ, ಹದಿವಯಸ್ಸಿನಲ್ಲಿ ಆರಂಭಿಸಿದರೆ ಆರಕ್ಕೆ ಒಬ್ಬನಂತೆ ಬೀಳುತ್ತಾರೆಂದೂ ಅಂದಾಜುಂಟು. ಯೂರೋಪು ಮತ್ತು ಬ್ರೆಜಿಲಿನ ನಗರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೀಕ್ಷ್ಣವಾದ ಗಾಂಜಾವನ್ನು ದಿನವೂ ಬಳಸುವವರಿಗೆ ಚಿತ್ತವಿಕಾರ ತಗಲುವ ಸಂಭವ ಬಳಸದವರಿಗಿಂತ ಸುಮಾರು ಐದು ಪಟ್ಟು ಕಂಡುಬಂತು. ಕಾರಣವೂ ಕಾರ್ಯವೂ ಎಷ್ಟರಮಟ್ಟಿಗೆ ಹೆಣೆದಿವೆಯೆಂಬುದು ಇನ್ನೂ ಚರ್ಚೆಯಲ್ಲಿದೆ. ಆದರೆ ಎಚ್ಚರಿಕೆಗೆ ಇಷ್ಟು ಸಾಕು. ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ 2019ರ ವರದಿಯ ಪ್ರಕಾರ, ನಮ್ಮ ದೇಶದಲ್ಲಿ ಭಂಗಿಯಿಂದಾದ ತೊಂದರೆಗಳಿಗೆ ನೆರವು ಬೇಕಾದವರು ಸುಮಾರು 72 ಲಕ್ಷ ಮಂದಿ.

ಇನ್ನು ರೈತನ ಮಾತು. ನಾರಿಗೂ ಬೀಜಕ್ಕೂ ಭಂಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದೆಂದು 1985ರ ಅಧಿನಿಯಮವೇ ಹೇಳುತ್ತದೆ. ಉತ್ತರಾಖಂಡ ರಾಜ್ಯವು 2018ರಲ್ಲಿ ಪರವಾನಗಿ ಕೊಡಲು ಆರಂಭಿಸಿತು. ಹಾಗೆಂದು ಅರಸೀಕೆರೆಯ ಹೊಲದಲ್ಲಿ ನಾಳೆಯೇ ಬಿತ್ತಬಹುದೆಂದು ನಂಬುವುದು ಸರಿಯಲ್ಲ. ನಾರಿನ ಪ್ರಸಿದ್ಧ ತಳಿಗಳು ಬೇಸಗೆಯ ಹಗಲು ಬಹಳ ದೀರ್ಘವಾಗಿರುವ ಉತ್ತರದ ದೇಶಗಳವು. ಹಗಲು ಕುಗ್ಗಿದಾಗ ಹೂ ಬಿಡುವುದು ಈ ಗಿಡದ ಸ್ವಭಾವ. 13 ಡಿಗ್ರಿ ಅಕ್ಷಾಂಶದ ನಮ್ಮ ಸೀಮೆಯಲ್ಲಿ ಅವು ಕಾಂಡ ಬೆಳೆಯುವ ಮೊದಲೇ ಹೂ ಬಿಡತಕ್ಕವು. ನೆರೆಹೊಲದ ಪರಾಗ ಬಿದ್ದ ಬೀಜದಿಂದ ಮುಂದಿನ ಬೆಳೆಯ ಟಿಎಚ್‌ಸಿ ಮಿತಿಮೀರಿದರೆ, ರೈತನು ತಿಳಿಯದೆಯೇ ಅಪರಾಧಿಯಾಗುವ ಭಯವುಂಟು. ನಾರು ತೆಗೆಯುವ ಯಂತ್ರ ಹತ್ತಿರದಲ್ಲಿಲ್ಲದಿದ್ದರೆ ಬೆಳೆದ ಕಾಂಡ ಬರಿಯ ಸೌದೆ. ತೆಂಗಿನ ನಾರಿನ ಕಸುಬನ್ನು ಬಲ್ಲ ಈ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಮೊದಲು ಹಾಸನದ ಕೃಷಿ ಕಾಲೇಜಿನಂತಹ ಕಡೆ ಸರ್ಕಾರದ ಮೇಲ್ವಿಚಾರಣೆಯಲ್ಲಿ ಪ್ರಯೋಗದ ತಾಕುಗಳಾಗಲಿ, ಪ್ರಚಾರ ಆಮೇಲಾಗಲಿ.

ಇಷ್ಟನ್ನೂ ನೋಡಿದಾಗ ನಮ್ಮ ಅಭಿಪ್ರಾಯ ಹೀಗಿದೆ. ಔಷಧದ ಸಂಶೋಧನೆಗೆ ದಾರಿ ಸುಗಮವಾಗಬೇಕು. ಮಕ್ಕಳಲ್ಲಿ ಕಾಣುವ ಎರಡು ಬಗೆಯ ಕಠಿನ ಅಪಸ್ಮಾರಕ್ಕೆ ಕ್ಯಾನಬಿಡಯಾಲಿನ ಔಷಧವನ್ನು ಅಮೆರಿಕ 2018ರಲ್ಲಿಯೇ ಒಪ್ಪಿದೆ. 2020ರಲ್ಲಿ ವಿಶ್ವಸಂಸ್ಥೆಯ ಆಯೋಗವು 27 ಮತಗಳಿಗೆ 25ರಂತೆ ಭಂಗಿಯನ್ನು ಅತಿ ಕಠಿನ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿಯೇ ಮತವಿತ್ತಿತು. ಶಿಕ್ಷೆಯನ್ನು ನಿರ್ಧರಿಸುವಾಗ ತೂಕದೊಡನೆ ಟಿಎಚ್‌ಸಿಯ ಪ್ರಮಾಣವೂ ಲೆಕ್ಕಕ್ಕೆ ಬರಬೇಕು. ತಾನು ಬಳಸಲೆಂದು ಅಲ್ಪ ಪ್ರಮಾಣ ಇಟ್ಟುಕೊಂಡವನಿಗೆ ಸೆರೆಮನೆಯ ಬದಲು ಚಿಕಿತ್ಸೆ ದೊರೆಯಬೇಕು. ತಾನಾಗಿ ಚಿಕಿತ್ಸೆ ಕೋರುವ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡುವ ಪ್ರಕರಣ ಈಗಿನ ಅಧಿನಿಯಮದಲ್ಲಿಯೇ ಉಂಟು, ಅದನ್ನು ಇನ್ನಷ್ಟು ವಿಸ್ತರಿಸಿದರೆ ಸಾಕು. ಆದರೆ ಅಂಗಡಿ ಬಾಗಿಲು ತೆರೆದು, ಜಾಹೀರಾತು ಹಚ್ಚಿ, ಅಮಲಿನ ಗಾಂಜಾ ಮಾರುವುದನ್ನು ನಾವು ಒಪ್ಪಲಾರೆವು. ಥಾಯ್ಲೆಂಡ್ ದೇಶವು 2022ರಲ್ಲಿ ಬಾಗಿಲನ್ನು ಅವಸರದಿಂದ ತೆರೆದು, 2025ರಲ್ಲಿ ವೈದ್ಯರ ಚೀಟಿಯಿಲ್ಲದೆ ಹೂವನ್ನು ಮಾರಕೂಡದೆಂದು ಮತ್ತೆ ಮುಚ್ಚಬೇಕಾಯಿತು.

ಶಾಸನ ಬದಲಾಗುವವರೆಗೆ ಈಗಿನ ತಕ್ಕಡಿಯೇ ಜಾರಿಯಲ್ಲಿರುತ್ತದೆಂಬುದನ್ನು ತರುಣ ವಾಚಕರು ಮರೆಯಬಾರದು. ಗೆಳೆಯನಿಗೆಂದು ಒಯ್ದ ಸಣ್ಣ ಪೊಟ್ಟಣವೂ ಒಂದು ವರ್ಷದ ಓದನ್ನು ನುಂಗಬಲ್ಲದು. ಶಾಸನವನ್ನು ತಿದ್ದುವ ಕೆಲಸ ಮುಂದೆ ಮತದಾರರಾಗುವ ನಿಮ್ಮದು; ಅದನ್ನು ಸ್ವಸ್ಥವಾದ ಮಿದುಳಿನಿಂದ, ಅಂಕಿ ಅಂಶಗಳನ್ನು ಅರಿತು ಮಾಡಬೇಕೆಂಬುದೇ ನಮ್ಮ ಆಶಯ.