ತುರ್ತುವಾಹನದ ಕಾಯಕಜೀವಿಗಳ ಬೆನ್ನುನೋವು: ಎಣ್ಣೆಯೊಂದೇ ಸಾಲದು

ಶರಣ ಪರಂಪರೆಯಲ್ಲಿ ಕಾಯಕಕ್ಕಿರುವ ಸ್ಥಾನವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನವರೂ ದನ ಕಾಯುವ ತುರುಗಾಹಿ ರಾಮಣ್ಣನವರೂ ವೈದ್ಯ ಸಂಗಣ್ಣನವರೂ ಸಮಾನ ಗೌರವಕ್ಕೆ ಪಾತ್ರರಾಗಿದ್ದರು. ಇಂದು ಅಂಥ ಗೌರವಕ್ಕೆ ಅರ್ಹವಾದ ಒಂದು ಕಾಯಕವು ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ನಾವು ಅದನ್ನು ನೋಡುತ್ತೇವೆ, ಕೈಮುಗಿಯುತ್ತೇವೆ, ಮರೆಯುತ್ತೇವೆ. ಅದು 108 ಆಂಬ್ಯುಲೆನ್ಸ್ ಸಿಬ್ಬಂದಿಯ ಕಾಯಕ.

ನಮ್ಮ ರಾಜ್ಯದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಈ ಸೇವೆ ಆರಂಭವಾದದ್ದು 2008ರಲ್ಲಿ. ಹೆರಿಗೆ ನೋವು, ಹಾವು ಕಡಿತ, ಹೃದಯಾಘಾತ, ರಸ್ತೆ ಅಪಘಾತ, ಹೀಗೆ ಯಾವ ಸಂಕಟವೇ ಬರಲಿ, ಮೊದಲು ನೆನಪಾಗುವುದು ಆ ಮೂರು ಅಂಕೆಗಳು. ವಾಹನದಲ್ಲಿ ಬರುವವರು ಸಾಮಾನ್ಯವಾಗಿ ಇಬ್ಬರು: ಒಬ್ಬರು ತುರ್ತು ಚಿಕಿತ್ಸಾ ತಂತ್ರಜ್ಞರು, ಇನ್ನೊಬ್ಬರು ಚಾಲಕರು. ಈ ಇಬ್ಬರ ನಾಲ್ಕು ಕೈಗಳು ಹೊರುವ ಭಾರವೆಷ್ಟು, ಆ ಭಾರವು ಅವರ ಶರೀರಕ್ಕೆ ಮಾಡುವುದೇನು ಎಂಬುದೇ ಈ ಲೇಖನದ ವಿಷಯ.

ಹೊರುವ ಭಾರದ ಲೆಕ್ಕ

ರೋಗಿಯ ತೂಕ 70 ಕಿಲೋ ಎಂದಿಟ್ಟುಕೊಳ್ಳೋಣ. ಚಕ್ರಗಳಿರುವ ಸ್ಟ್ರೆಚರಿನ ತೂಕವೂ ಸೇರಿದರೆ ಒಟ್ಟು ಭಾರ ನೂರು ಕಿಲೋದ ಸಮೀಪಕ್ಕೆ ಬರುತ್ತದೆ. ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯಕ್ಕಾಗಿರುವ ಅಮೆರಿಕದ ರಾಷ್ಟ್ರೀಯ ಸಂಸ್ಥೆಯು ಭಾರ ಎತ್ತುವ ಕೆಲಸಕ್ಕೆ ಒಂದು ಸೂತ್ರವನ್ನು ರೂಪಿಸಿದೆ. ಅದರಂತೆ ಎಲ್ಲ ಅನುಕೂಲಗಳೂ ಇರುವ ಸ್ಥಿತಿಯಲ್ಲಿಯೂ ಒಬ್ಬ ಕಾರ್ಮಿಕನು ಎತ್ತಬಹುದಾದ ಭಾರ 23 ಕಿಲೋ. ಎಲ್ಲ ಅನುಕೂಲಗಳೆಂದರೆ ವಸ್ತುವು ಮೈಗೆ ಹತ್ತಿರವಿರಬೇಕು, ಹಿಡಿಕೆ ಸರಿಯಿರಬೇಕು, ಸೊಂಟ ತಿರುಗಬಾರದು. ಎತ್ತಬೇಕಾದದ್ದು ರೋಗಿಯಾದರೆ, ರೋಗಿಯು ಅಲುಗಾಡಬಹುದು, ನೋವಿನಿಂದ ಹಿಡಿದೆಳೆಯಬಹುದು ಎಂಬ ಕಾರಣಕ್ಕೆ ಆ ಮಿತಿಯನ್ನು ಸುಮಾರು 16 ಕಿಲೋಗೆ ಇಳಿಸಬೇಕೆಂಬ ಸಲಹೆಯೂ ಇದೆ. ನಮ್ಮ ಆಂಬ್ಯುಲೆನ್ಸಿನ ಇಬ್ಬರು ಪ್ರತಿ ಕರೆಯಲ್ಲಿಯೂ ಈ ಮಿತಿಯನ್ನು ಹಲವು ಪಟ್ಟು ಮೀರುತ್ತಾರೆ.

ಅದೂ ಎಲ್ಲಿ? ಗೋಡೆಗೆ ತಾಗಿದ ಮಂಚದ ಮೂಲೆಯಲ್ಲಿ, ತಲೆ ಬಗ್ಗಿಸಿ ಹೋಗಬೇಕಾದ ಬಾಗಿಲಲ್ಲಿ, ಸ್ಟ್ರೆಚರ್ ತಿರುಗದ ಮಾಳಿಗೆಯ ಮೆಟ್ಟಿಲಲ್ಲಿ, ಮಳೆಗಾಲದ ಕಪ್ಪುನೆಲದ ಹೊಲದ ದಾರಿಯಲ್ಲಿ. ಸೊಂಟ ಬಗ್ಗಿಸಿ, ಅದೇ ಹೊತ್ತಿಗೆ ಮೈ ತಿರುಗಿಸಿ ಎತ್ತುವುದು ಬೆನ್ನಿನ ಬಿಲ್ಲೆಗಳಿಗೆ ಅತ್ಯಂತ ಅಪಾಯಕಾರಿ. ಮುಂದಕ್ಕೆ ಬಾಗಿ ಭಾರ ಹಿಡಿದಾಗ ಕಟಿಭಾಗದ ಬಿಲ್ಲೆಯೊಳಗಿನ ಒತ್ತಡವು ನೇರ ನಿಂತಾಗಿನದಕ್ಕಿಂತ ಬಹಳ ಹೆಚ್ಚುತ್ತದೆ ಎಂಬುದನ್ನು ಸ್ವೀಡನ್ನಿನ ವೈದ್ಯ ನಾಕೆಮ್ಸನ್ ಅವರು 1960ರ ದಶಕದಲ್ಲಿಯೇ ಅಳತೆ ಮಾಡಿ ತೋರಿಸಿದ್ದರು.

ಎತ್ತುವುದು ಮುಗಿದರೂ ಶ್ರಮ ಮುಗಿಯದು. ಹೃದಯ ನಿಂತ ರೋಗಿಗೆ ಎದೆಯೊತ್ತುವ ಚಿಕಿತ್ಸೆ ಮಾಡುವಾಗ ನಿಮಿಷಕ್ಕೆ 100ರಿಂದ 120 ಬಾರಿ, ಪ್ರತಿ ಸಲವೂ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಓಡುತ್ತಿರುವ ವಾಹನದಲ್ಲಿ ಬಗ್ಗಿಕೊಂಡು ಇದನ್ನು ಮಾಡುವವರ ಹೆಗಲು, ಮಣಿಕಟ್ಟು, ಸೊಂಟಗಳ ಸ್ಥಿತಿಯನ್ನು ಊಹಿಸಬಹುದು. ಚಾಲಕರಿಗೆ ಗುಂಡಿಬಿದ್ದ ರಸ್ತೆಗಳ ನಿರಂತರ ಕಂಪನ. ಹನ್ನೆರಡು ಗಂಟೆಗಳ ಪಾಳಿ ಅವರಲ್ಲಿ ಸಾಮಾನ್ಯ. ಗಂಟೆಗಟ್ಟಲೆ ಕುಳಿತು ಸೊಂಟ ಬಿಗಿದುಕೊಂಡಿರುವಾಗಲೇ ಕರೆ ಬರುತ್ತದೆ. ಇಳಿದ ಮರುಕ್ಷಣವೇ ಭಾರ ಎತ್ತಬೇಕು.

ಬಂಡಿಯ ಅಚ್ಚಿನ ಉಪಮೆ

ನನ್ನಲ್ಲಿಗೆ ಚಿಕಿತ್ಸೆಗೆ ಬರುವ ಇಂಥ ಸಿಬ್ಬಂದಿಯ ಬೇಡಿಕೆ ಸಾಮಾನ್ಯವಾಗಿ ಒಂದೇ: ‘ಡಾಕ್ಟರೇ, ಒಂದು ಒಳ್ಳೆಯ ಎಣ್ಣೆ ಕೊಡಿ, ನಾಳೆ ಡ್ಯೂಟಿಗೆ ಹೋಗಬೇಕು.’ ಎಣ್ಣೆಯನ್ನು ಕೊಡುತ್ತೇನೆ. ಆದರೆ ಎಣ್ಣೆಯಿಂದ ಎಷ್ಟಾಗುತ್ತದೆ ಎಂಬುದನ್ನು ನಮ್ಮ ಶಾಸ್ತ್ರವೇ ಸ್ಪಷ್ಟವಾಗಿ ತಿಳಿಸಿದೆ.

ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಆತ್ರೇಯ ಮಹರ್ಷಿಗಳು ಶಿಷ್ಯ ಅಗ್ನಿವೇಶನಿಗೆ ಆಯುಷ್ಯದ ವಿಚಾರವನ್ನು ತಿಳಿಸುತ್ತ ಬಂಡಿಯ ಅಚ್ಚನ್ನು ಉದಾಹರಿಸುತ್ತಾರೆ. ಒಳ್ಳೆಯ ಮರದಿಂದ ಮಾಡಿದ ಅಚ್ಚು ಸರಿಯಾಗಿ ಬಳಸಿದರೆ ತನ್ನ ಕಾಲ ಮುಗಿಯುವವರೆಗೂ ಬಾಳುತ್ತದೆ. ಅದೇ ಅಚ್ಚು ಅತಿಯಾದ ಭಾರದಿಂದ, ಏರುತಗ್ಗಿನ ದಾರಿಯಿಂದ, ದಾರಿಯೇ ಅಲ್ಲದಲ್ಲಿ ಓಡಿಸುವುದರಿಂದ, ಚಕ್ರ ಮುರಿಯುವುದರಿಂದ, ಎಣ್ಣೆ ಹಾಕದಿರುವುದರಿಂದ ನಡುವೆಯೇ ಮುರಿಯುತ್ತದೆ. ಮನುಷ್ಯನ ಆಯುಷ್ಯವೂ ಹಾಗೆಯೇ ಎನ್ನುತ್ತಾರೆ ಆತ್ರೇಯರು. ಬಂಡಿ ಕಟ್ಟಿದ ರೈತರ ಮಕ್ಕಳಾದ ನಮಗೆ ಈ ಮಾತು ಬೇಗನೆ ಅರ್ಥವಾಗಬೇಕು. ಆ ಪಟ್ಟಿಯಲ್ಲಿ ಅತಿಭಾರವು ಮೊದಲಿಗಿದೆ. ಎಣ್ಣೆಯ ಅಭಾವವು ಕೊನೆಯ ಭಾಗದಲ್ಲಿದೆ. ಭಾರವನ್ನು ಇಳಿಸದೆ ಎಣ್ಣೆಯನ್ನಷ್ಟೇ ಹಾಕುತ್ತ ಹೋದರೆ ಅಚ್ಚು ಉಳಿಯದು.

ಅದೇ ಸಂಹಿತೆಯ ನಿದಾನಸ್ಥಾನದಲ್ಲಿ ಶರೀರವನ್ನು ಒಣಗಿಸುವ ಶೋಷ ರೋಗಕ್ಕೆ ನಾಲ್ಕು ಕಾರಣಗಳನ್ನು ಹೇಳಲಾಗಿದೆ: ಶಕ್ತಿಗೆ ಮೀರಿದ ಸಾಹಸ, ಮಲಮೂತ್ರಾದಿ ವೇಗಗಳನ್ನು ತಡೆಯುವುದು, ಧಾತುಕ್ಷಯ, ಹೊತ್ತುಗೊತ್ತಿಲ್ಲದ ಆಹಾರ. ಬೆನ್ನುನೋವು ಶೋಷವಲ್ಲ ನಿಜ. ಆದರೆ ಇವುಗಳಲ್ಲಿ ಮೂರು ಕಾರಣಗಳು ವಾತವನ್ನೂ ಕೆರಳಿಸುತ್ತವೆ, ಮತ್ತು ಆ ಮೂರೂ ಆಂಬ್ಯುಲೆನ್ಸ್ ಸಿಬ್ಬಂದಿಯ ದಿನಚರಿಯಲ್ಲಿವೆ. ಶಕ್ತಿಗೆ ಮೀರಿ ಎತ್ತುತ್ತಾರೆ. ಕರೆಯ ಮೇಲೆ ಕರೆ ಬಂದಾಗ ಮೂತ್ರವನ್ನು ತಡೆದುಕೊಳ್ಳುತ್ತಾರೆ; ಮಹಿಳಾ ಸಿಬ್ಬಂದಿಗೆ ಈ ಕಷ್ಟ ಇನ್ನೂ ಹೆಚ್ಚು. ಊಟದ ಬುತ್ತಿಯನ್ನು ಬಿಚ್ಚುವ ಹೊತ್ತಿಗೆ ಫೋನು ಮೊಳಗುತ್ತದೆ. ಇವುಗಳ ಜೊತೆಗೆ ರಾತ್ರಿಜಾಗರಣೆಯೂ ಸೇರಿದರೆ ವಾತಪ್ರಕೋಪಕ್ಕೆ ಬೇರೆ ಕಾರಣ ಬೇಕಿಲ್ಲ. ಕಟಿಶೂಲ, ಸೊಂಟದಿಂದ ಕಾಲಿನವರೆಗೆ ಎಳೆಯುವ ಗೃಧ್ರಸೀ, ಹೆಗಲು ಕತ್ತುಗಳ ಬಿಗಿತ, ಇವೆಲ್ಲ ಅದರ ಫಲ.

ರೋಗದ ಕಾರಣವನ್ನು ತೊರೆಯುವುದೇ ಚಿಕಿತ್ಸೆಯ ಸಾರವೆಂದು ಆಚಾರ್ಯ ಸುಶ್ರುತರು ಹೇಳಿದ್ದಾರೆ. ಅಭ್ಯಂಗ, ಸ್ವೇದನ, ಕಟಿಬಸ್ತಿಗಳಿಂದ ನೋವು ತಗ್ಗುತ್ತದೆ. ಬಿಸಿ ಎಳ್ಳೆಣ್ಣೆ ಸವರಿ ಲಕ್ಕಿಸೊಪ್ಪಿನ ಶಾಖ ಕೊಟ್ಟರೂ ಬಿಗಿತ ಸಡಿಲುತ್ತದೆ. ಆದರೆ ರೋಗಿ ಮರುದಿನ ಅದೇ ಮೆಟ್ಟಿಲಲ್ಲಿ ಅದೇ ಭಾರವನ್ನು ಹೊರುವುದಾದರೆ ಆ ಚಿಕಿತ್ಸೆಯು ತಾತ್ಕಾಲಿಕ. ಪ್ರತಿದಿನ ನೋವಿನ ಮಾತ್ರೆ ನುಂಗಿ ಕೆಲಸ ಮಾಡುವುದು ಇನ್ನೂ ಅಪಾಯ; ದೀರ್ಘಕಾಲದ ಬಳಕೆಯಿಂದ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳು ಕೆಡಬಹುದು. ಕಾಲಿನಲ್ಲಿ ಬಲ ಕುಂದುವುದು, ಗುದ ಮತ್ತು ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿರುವುದು, ಮೂತ್ರ ಕಟ್ಟುವುದು ಅಥವಾ ತಾನಾಗಿ ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಎಣ್ಣೆ ಹಚ್ಚುತ್ತ ಕೂರದೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆಯುರ್ವೇದ ವೈದ್ಯನಾಗಿ ಇದನ್ನು ಒತ್ತಿ ಹೇಳುತ್ತೇನೆ.

‘ಗಟ್ಟಿ ಹುಡುಗರು’ ಎಂಬ ಮಾತು

ಅವರು ಗಟ್ಟಿ ಹುಡುಗರು, ಅದಕ್ಕೇ ಸಂಬಳ ಪಡೆಯುತ್ತಾರೆ ಎಂದು ಹೇಳುವವರಿದ್ದಾರೆ. ಗಟ್ಟಿತನಕ್ಕೂ ಮಿತಿಯುಂಟು, ಇಪ್ಪತ್ತೈದರಲ್ಲಿ ಹೊತ್ತ ಭಾರ ನಲವತ್ತರಲ್ಲಿ ಲೆಕ್ಕ ಕೇಳುತ್ತದೆ. ಸರಿಯಾಗಿ ಎತ್ತುವ ಕ್ರಮವನ್ನು ಕಲಿಸಿದರೆ ಸಾಕು ಎಂಬುದು ಇನ್ನೊಂದು ವಾದ. ಮಂಡಿ ಬಗ್ಗಿಸಿ ಎತ್ತುವ ಕ್ರಮವನ್ನು ಕಲಿಯಲೇಬೇಕು. ಆದರೆ ತರಬೇತಿಯೊಂದರಿಂದಲೇ ಬೆನ್ನುನೋವು ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಅನೇಕ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ತಜ್ಞರು ತಿಳಿಸಿದ್ದಾರೆ. ಇಕ್ಕಟ್ಟಿನ ಕೋಣೆಯಲ್ಲಿ ಪಾಠದಲ್ಲಿ ಹೇಳಿದ ಭಂಗಿಗೆ ಜಾಗವೇ ಇರುವುದಿಲ್ಲ.

ಆದುದರಿಂದ ಭಾರವನ್ನೇ ಇಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಟರಿಯಿಂದ ತಾನೇ ಏರಿಳಿಯುವ ಸ್ಟ್ರೆಚರುಗಳು ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ಅವು ದುಬಾರಿ, ಒಪ್ಪೋಣ. ಆದರೆ ರೋಗಿಯನ್ನು ಎತ್ತದೆ ಜಾರಿಸಿ ಸರಿಸುವ ನುಣುಪು ಬಟ್ಟೆ ದುಬಾರಿಯಲ್ಲ. ಮೆಟ್ಟಿಲಿಳಿಸುವ ಮಡಚುಕುರ್ಚಿಯೂ ಕೈಗೆಟುಕದ್ದಲ್ಲ. ಇವನ್ನು ಪ್ರತಿ ವಾಹನಕ್ಕೂ ಒದಗಿಸುವುದು, ಚಾಲಕರ ಆಸನವನ್ನು ಸರಿಪಡಿಸುವುದು, ಪಾಳಿಯ ನಡುವೆ ಊಟಕ್ಕೂ ಶೌಚಕ್ಕೂ ಬಿಡುವು ಕೊಡುವುದು, ಬೆನ್ನುನೋವನ್ನು ವೃತ್ತಿಜನ್ಯ ತೊಂದರೆಯೆಂದು ದಾಖಲಿಸಿ ವೇತನಸಹಿತ ವಿಶ್ರಾಂತಿ ನೀಡುವುದು, ಇವು ಸರ್ಕಾರದ ಮತ್ತು ಸೇವೆ ನಡೆಸುವವರ ಕರ್ತವ್ಯ.

ನಾವು ಮಾಡಬಹುದಾದದ್ದು

ಉಳಿದದ್ದು ನಮ್ಮ ಪಾಲಿನದು. 108ಕ್ಕೆ ಕರೆ ಮಾಡುವಾಗ ರೋಗಿ ಯಾವ ಮಹಡಿಯಲ್ಲಿದ್ದಾರೆ, ಸ್ಥೂಲಕಾಯರೇ, ಓಣಿಯೊಳಗೆ ವಾಹನ ಬರುತ್ತದೆಯೇ ಎಂಬುದನ್ನು ತಿಳಿಸಿರಿ. ವಾಹನ ಬರುವಷ್ಟರಲ್ಲಿ ದಾರಿಗಡ್ಡವಾದ ಬೈಕು, ಕುರ್ಚಿ, ಬಕೆಟ್ಟುಗಳನ್ನು ಸರಿಸಿ ದೀಪ ಹಾಕಿರಿ. ಮಂಚದ ಎರಡೂ ಬದಿ ನಿಲ್ಲಲು ಜಾಗ ಮಾಡಿರಿ. ಒಬ್ಬರು ರಸ್ತೆಯ ತಿರುವಿನಲ್ಲಿ ನಿಂತು ದಾರಿ ತೋರಿಸಲಿ. ಬಲವಿರುವ ಇಬ್ಬರು ನೆರವಿಗೆ ಸಿದ್ಧರಿರಲಿ; ಆದರೆ ತಂತ್ರಜ್ಞರು ಹೇಳಿದಂತೆ, ಅವರು ಎಣಿಸಿದ ಮೇಲೆ, ಎಲ್ಲರೂ ಒಟ್ಟಿಗೆ ಎತ್ತಬೇಕು. ಅಪಘಾತದಲ್ಲಿ ಬಿದ್ದವರನ್ನಂತೂ ಅವರು ಬರುವ ಮುನ್ನ ಎಳೆದಾಡಬಾರದು, ಬೆನ್ನುಹುರಿಗೆ ಪೆಟ್ಟಾಗಿರಬಹುದು. ಬೆಂಕಿಯಂಥ ಅಪಾಯ ಮೇಲೆರಗುತ್ತಿದ್ದರೆ ಮಾತ್ರ ಸರಿಸಬೇಕಾದೀತು. ನಡೆಯಬಲ್ಲ ರೋಗಿಯನ್ನು ಪರೀಕ್ಷಿಸಿ ನಡೆಸಿಕೊಂಡು ಹೋದರೆ ‘ಸ್ಟ್ರೆಚರ್ ಯಾಕೆ ತರಲಿಲ್ಲ’ ಎಂದು ಜಗಳ ತೆಗೆಯಬೇಡಿರಿ.

ಮಠಗಳೂ ಭಕ್ತವೃಂದವೂ ಮಾಡಬಹುದಾದ ಕೆಲಸವೊಂದಿದೆ. ಜಾತ್ರೆ, ರಥೋತ್ಸವಗಳ ದಿನ ಜನಸಂದಣಿಯ ಅಂಚಿನಲ್ಲಿ ಆಂಬ್ಯುಲೆನ್ಸ್ ನಿಂತಿರುತ್ತದೆ. ಬಿಸಿಲಿಗೆ ತಲೆಸುತ್ತಿ ಬಿದ್ದ ವೃದ್ಧರನ್ನು ಆ ಇಬ್ಬರೇ ಎತ್ತಿ ತರಬೇಕು. ದಾಸೋಹಕ್ಕೆ ನೂರಾರು ಸ್ವಯಂಸೇವಕರನ್ನು ಸಿದ್ಧಗೊಳಿಸುವ ನಾವು, ರೋಗಿಯನ್ನು ಸುರಕ್ಷಿತವಾಗಿ ಎತ್ತಿ ಸಾಗಿಸಲು ಹತ್ತು ಮಂದಿ ಯುವಕರಿಗೆ ಅರ್ಧ ದಿನದ ತರಬೇತಿ ಕೊಡಿಸಲಾರೆವೇ? ಮಂಟಪದ ಮೆಟ್ಟಿಲುಗಳ ಪಕ್ಕದಲ್ಲಿ ಇಳಿಜಾರು ದಾರಿಯೊಂದನ್ನು ಕಟ್ಟಿದರೆ ಅದು ವೃದ್ಧ ಭಕ್ತರಿಗೂ ಸ್ಟ್ರೆಚರಿಗೂ ಆಗುತ್ತದೆ. ವಾಹನ ನಿಲ್ಲಲು ನೆರಳು, ಸಿಬ್ಬಂದಿಗೆ ಶೌಚಾಲಯ, ಹೊತ್ತಿಗೆ ಸರಿಯಾಗಿ ಅವರಿದ್ದಲ್ಲಿಗೇ ತಲುಪುವ ಪ್ರಸಾದ, ಇವು ದೊಡ್ಡ ಖರ್ಚಿನ ಬಾಬ್ತುಗಳಲ್ಲ.

ಶರಣರು ಕಾಯಕವನ್ನು ಎತ್ತಿಹಿಡಿದಂತೆಯೇ ಕಾಯವನ್ನೂ ದೇವರ ನೆಲೆಯೆಂದು ಗೌರವಿಸಿದರು. ಕಾಯಕ ಮಾಡುವವನ ಕಾಯವನ್ನು ಸವೆಸಿ ನಮ್ಮ ಜೀವವನ್ನು ಉಳಿಸಿಕೊಳ್ಳುವುದು ಆ ಪರಂಪರೆಗೆ ಒಪ್ಪುವ ನಡೆಯಲ್ಲ. ಮುಂದಿನ ಜಾತ್ರೆಯ ಸಿದ್ಧತಾ ಸಭೆಯಲ್ಲಿ ರಥ, ದೀಪ, ದಾಸೋಹಗಳ ಜೊತೆಗೆ ಈ ವಿಷಯವೂ ಚರ್ಚೆಗೆ ಬರಲೆಂದು ಸದ್ಭಕ್ತರಲ್ಲಿ ವಿನಂತಿಸುತ್ತೇನೆ.