ಬಿಟ್ಟರೆ ಮುಗಿಯಿತೆ?

ಹಿಡಿದ ಮೀನನ್ನು ಕೊಲ್ಲದೆ ಮರಳಿ ನೀರಿಗೆ ಬಿಟ್ಟರೆ ಅದರಲ್ಲಿ ಹಿಂಸೆಯಿಲ್ಲವೆಂಬ ವಾದವೊಂದು ಅಮೆರಿಕದಲ್ಲಿ ಅರ್ಧ ಶತಮಾನದಿಂದ ಪ್ರಚಾರದಲ್ಲಿದೆ. ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿರುವ ಶ್ರಾವಕ ಕುಟುಂಬಗಳ ತರುಣರ ಕಿವಿಗೂ ಅದು ಬೀಳದೆ ಇರದು. "ನೀವು ಮೀನು ತಿನ್ನುವವರಲ್ಲ, ಸರಿ, ಅಲ್ಲಿ ಯಾರೂ ತಿನ್ನುವುದಿಲ್ಲ, ಬನ್ನಿ" ಎಂದು ವಸಂತಕಾಲದ ಒಂದು ಶನಿವಾರ ಸಹೋದ್ಯೋಗಿಯು ದೋಣಿಗೆ ಕರೆದರೆ ಏನು ಹೇಳಬೇಕು? "ನಮ್ಮಲ್ಲಿ ರೂಢಿಯಿಲ್ಲ" ಎಂದು ಸಂಕೋಚದಿಂದ ಜಾರಿಕೊಳ್ಳುವುದು ಉತ್ತರವಾಗಲಾರದು. ಕಾರಣವನ್ನು ತಿಳಿದು ಹೇಳಬೇಕು. ಆ ಕಾರಣವು ಶಾಸ್ತ್ರದಲ್ಲಿರುವಂತೆಯೇ ಆ ಮೀನಿನ ಜೀವನಕ್ರಮದಲ್ಲಿಯೂ ಇದೆ.

ಈ ಕ್ರೀಡೆಗೆ ಗುರಿಯಾಗಿರುವುದು ಲಾರ್ಜ್‌ಮೌತ್ ಬಾಸ್ ಎಂಬ ದೊಡ್ಡ ಬಾಯಿಯ ಸಿಹಿನೀರಿನ ಮೀನು. ಚಳಿಗಾಲವನ್ನು ಆಳದಲ್ಲಿ ಕಳೆಯುವ ಇದು, ನೀರಿನ ಉಷ್ಣತೆಯು ಸುಮಾರು ೧೫ರಿಂದ ೨೧ ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ದಡದ ಸಮೀಪಕ್ಕೆ, ಕೆಲವೇ ಅಡಿ ಆಳದ ನೀರಿಗೆ ಬರುತ್ತದೆ. ಫ್ಲಾರಿಡಾದಲ್ಲಿ ಇದು ಚಳಿಗಾಲ ಮುಗಿಯುವ ಮೊದಲೇ ನಡೆದರೆ, ಉತ್ತರದ ಸರೋವರಗಳಲ್ಲಿ ಮೇ–ಜೂನ್ ತಿಂಗಳಾಗುತ್ತದೆ. ಗಂಡು ತನ್ನ ಬಾಲದಿಂದ ಕೆಸರನ್ನು ಗುಡಿಸಿ ತಟ್ಟೆಯಾಕಾರದ ಗೂಡನ್ನು ಮಾಡುತ್ತದೆ. ಹೆಣ್ಣು ಸಾವಿರಾರು ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ. ಮುಂದಿನ ಹೊಣೆಯೆಲ್ಲವೂ ತಂದೆಯದು. ರೆಕ್ಕೆ ಬೀಸಿ ಮೊಟ್ಟೆಗಳ ಮೇಲೆ ಹೊಸ ನೀರನ್ನು ಹಾಯಿಸುವುದು, ಬ್ಲೂಗಿಲ್ ಮೊದಲಾದ ಕಳ್ಳ ಮೀನುಗಳನ್ನು ಅಟ್ಟುವುದು, ಮರಿಗಳು ಗೂಡಿನಿಂದ ಎದ್ದ ಮೇಲೂ ಅವುಗಳ ಗುಂಪನ್ನು ಸುತ್ತಿ ಕಾಯುವುದು. ಈ ಅವಧಿಯಲ್ಲಿ ಅದು ಆಹಾರ ಹುಡುಕುವುದು ಬಹಳ ಕಡಿಮೆ. ಮೈಯಲ್ಲಿ ಕೂಡಿಟ್ಟುದನ್ನು ಕರಗಿಸಿಕೊಂಡು ದಿನ ಕಳೆಯುತ್ತದೆ.

ಹೀಗೆ ಅರೆ ಉಪವಾಸದಲ್ಲಿರುವ ಮೀನನ್ನು ಹಿಡಿಯುವ ವಿಧಾನವನ್ನು ವಾಚಕರು ಗಮನಿಸಬೇಕು. ನೀರಿನ ಮೇಲಿನ ಹೊಳಪನ್ನು ತಡೆಯುವ ಕನ್ನಡಕವನ್ನು ಧರಿಸಿ ಬೇಟೆಗಾರನು ದಡದುದ್ದಕ್ಕೂ ದೋಣಿಯನ್ನು ನಿಧಾನವಾಗಿ ನಡೆಸುತ್ತಾನೆ. ತಳದಲ್ಲಿ ಗೂಡಿನ ಬಿಳಿಯ ವೃತ್ತ ಕಂಡೊಡನೆ ಅದರ ನಡುವೆಯೇ ಮೆದು ಪ್ಲಾಸ್ಟಿಕ್ಕಿನ ಹಲ್ಲಿಯೊಂದನ್ನು ಇಳಿಬಿಡುತ್ತಾನೆ. ಮೀನು ಅದನ್ನು ಹಸಿವಿನಿಂದ ಕಚ್ಚುವುದಿಲ್ಲ. ಮೊಟ್ಟೆಗಳಿಗೆ ಬಂದ ಶತ್ರುವೆಂದು ತಿಳಿದು ಹೊರಗೆಸೆಯಲು ಕಚ್ಚುತ್ತದೆ. ಒಮ್ಮೆ ಕಚ್ಚದಿದ್ದರೆ ಹತ್ತು ಬಾರಿ, ಇಪ್ಪತ್ತು ಬಾರಿ ಇಳಿಬಿಟ್ಟು ರೇಗಿಸುವುದೇ ಇಲ್ಲಿ ಜಾಣತನವೆನಿಸಿಕೊಂಡಿದೆ. ಕೊಕ್ಕೆಗೆ ಸಿಕ್ಕಿಸಿರುವುದು ಹೆಸರಿಗೆ ಹಲ್ಲಿ. ಎರೆಯಾಗಿ ಬಳಸಿರುವುದು ಆ ತಂದೆಯ ವಾತ್ಸಲ್ಯವನ್ನು. ಆಹಾರದ ಆಸೆ ತೋರಿಸಿ ಹಿಡಿಯುವ ಸಾಮಾನ್ಯ ಬೆಸ್ತನ ವಂಚನೆಯೂ ಇದರ ಮುಂದೆ ಸಣ್ಣದು.

ಬಿಡುವ ಪದ್ಧತಿಯನ್ನು ಸುಮ್ಮನೆ ಹೀಗಳೆಯುವುದು ನ್ಯಾಯವಲ್ಲ. ೧೯೬೭ರಲ್ಲಿ ಆರ್ಕನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ಬಾಸ್ ಸ್ಪರ್ಧೆ ನಡೆಸಿ ಈ ಕ್ರೀಡೆಗೆ ಇಂದಿನ ರೂಪ ಕೊಟ್ಟ ರೇ ಸ್ಕಾಟ್ ಅವರೇ ೧೯೭೨ರಲ್ಲಿ, ಹಿಡಿದುದನ್ನು ಕೊಲ್ಲಬೇಡಿರೆಂಬ ಆಂದೋಲನವನ್ನೂ ಆರಂಭಿಸಿದರು. ಸತ್ತ ಮೀನುಗಳನ್ನು ಸಾಲಾಗಿ ತೂಗುಹಾಕಿ ಚಿತ್ರ ತೆಗೆಸಿಕೊಳ್ಳುತ್ತಿದ್ದ ಕಾಲಕ್ಕೆ ಅದು ನಿಜವಾಗಿಯೂ ಮುಂದಿನ ಹೆಜ್ಜೆ. ಆದರೆ ಪಾಪ ಕಡಿಮೆಯಾಯಿತೆಂದು ಉಳಿದುದನ್ನು ಪುಣ್ಯದ ಖಾತೆಗೆ ಜಮಾ ಮಾಡುವುದು ಯಾವ ಲೆಕ್ಕಪದ್ಧತಿ? ಖರ್ಚಿನ ಬದಿಯನ್ನೂ ತೆರೆದು ನೋಡಬೇಡವೆ?

ತಂದೆಯು ದಾರದ ತುದಿಯಲ್ಲಿ ಒದ್ದಾಡುತ್ತಿರುವಾಗಲೇ ಬ್ಲೂಗಿಲ್‌ಗಳು ಗೂಡಿಗೆ ನುಗ್ಗುತ್ತವೆ. ಮೊಟ್ಟೆಗಳ ರಾಶಿ ಕರಗಲು ಕೆಲವು ನಿಮಿಷಗಳು ಸಾಕು. ದಣಿದು ಮರಳಿದ ಗಂಡು ಮೊದಲಿನ ಬಿರುಸಿನಿಂದ ಕಾಯಲಾರದು. ಮೊಟ್ಟೆಗಳು ಬಹಳ ನಷ್ಟವಾಗಿದ್ದರೆ ಗೂಡನ್ನೇ ತೊರೆಯುವುದುಂಟು. ಡೇವಿಡ್ ಫಿಲಿಪ್ ಮತ್ತು ಸಂಗಡಿಗರು ೧೯೯೭ರಲ್ಲಿಯೇ ಇದನ್ನು ಪ್ರಕಟಿಸಿದ್ದಾರೆ. ಸ್ಪರ್ಧೆಗಳಲ್ಲಂತೂ ಮೀನನ್ನು ದೋಣಿಯ ತೊಟ್ಟಿಯಲ್ಲಿ ಗಂಟೆಗಟ್ಟಲೆ ಇಟ್ಟು, ದೂರದ ಕಟ್ಟೆಗೆ ಒಯ್ದು, ತೂಗಿ, ಅಲ್ಲಿಯೇ ಬಿಡುತ್ತಾರೆ. ಗೂಡು ಎಲ್ಲಿ, ಬಿಟ್ಟ ಜಾಗ ಎಲ್ಲಿ! ೨೦೧೨ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನವು ಮನಸ್ಸನ್ನು ಕಲಕುವಂತಹುದು. ಗಾಳಕ್ಕೆ ಬೇಗ ಸಿಗುವ ವಂಶದ ಗಂಡುಗಳೇ ಮರಿಗಳನ್ನು ಹೆಚ್ಚು ಎಚ್ಚರದಿಂದ ಕಾಯುತ್ತವೆ, ಹೆಚ್ಚು ಮರಿಗಳನ್ನು ಉಳಿಸಿಕೊಳ್ಳುತ್ತವೆ ಎಂದು ಅದು ತೋರಿಸಿತು. ಅಂದರೆ ಒಳ್ಳೆಯ ತಂದೆಯೇ ಮೊದಲು ಕೊಕ್ಕೆಗೆ ಸಿಗುವವನು, ಹೊಣೆಗೇಡಿಯು ಪಾರಾಗುತ್ತಾನೆ.

ಜೈನ ಕಥೆಗಳನ್ನು ಅಷ್ಟಿಷ್ಟು ಓದಿದವರು ಇಲ್ಲಿ ಧೀವರ ಮೃಗಸೇನನನ್ನು ಮುಂದೊಡ್ಡಬಹುದು. ಮುನಿಗಳ ಉಪದೇಶದಿಂದ ಮೊದಲು ಬಲೆಗೆ ಬಿದ್ದ ಮೀನನ್ನು ಬಿಡುವೆನೆಂದು ವ್ರತ ಹಿಡಿದ ಆ ಬೆಸ್ತನು, ಗುರುತು ಕಟ್ಟಿ ಬಿಟ್ಟ ಅದೇ ಮೀನು ಮತ್ತೆ ಮತ್ತೆ ಸಿಕ್ಕಾಗಲೂ ಬಿಟ್ಟನು. ಹೀಗೆ ಐದು ಬಾರಿ. ಮುಂದಿನ ಜನ್ಮದಲ್ಲಿ ಐದು ಬಾರಿ ಮರಣದಿಂದ ಪಾರಾದನು. ಆಚಾರ್ಯ ಜ್ಞಾನಸಾಗರರ 'ದಯೋದಯ' ಚಂಪುವಿನ ವಸ್ತು ಇದೇ. ಆದರೆ ಮೃಗಸೇನನಿಗೆ ಮೀನು ಹೊಟ್ಟೆಪಾಡು. ಬಿಟ್ಟುದರಿಂದ ಅವನು ಬರಿಗೈಯಲ್ಲಿ ಮನೆಗೆ ಹೋದನು, ಹೆಂಡತಿಯಿಂದ ಹೊರಹಾಕಿಸಿಕೊಂಡನು. ಅವನ ಬಿಡುವಿಕೆಯಲ್ಲಿ ತ್ಯಾಗವಿತ್ತು. ವಿನೋದಕ್ಕಾಗಿ ಹಿಡಿದವನು ಬಿಡುವಾಗ ಕಳೆದುಕೊಳ್ಳುವುದೇನು? ಅವನಿಗೆ ಬೇಕಾದುದು ಆಗಲೇ ದಕ್ಕಿದೆ. ಕ್ಯಾಲಿಫೋರ್ನಿಯಾದ ಡಿಕ್ಸನ್ ಸರೋವರದಲ್ಲಿಯೂ ಗುರುತಿನ ಮೀನೊಂದಿತ್ತು. ಕಿವಿರಿನ ಕೆಳಗಿನ ಕಪ್ಪು ಚುಕ್ಕೆಯಿಂದಾಗಿ ಅದಕ್ಕೆ 'ಡಾಟಿ' ಎಂದು ಹೆಸರು. ೨೦೦೩ರಲ್ಲಿ ಅದನ್ನು ಹಿಡಿದು ಬಿಟ್ಟರು. ೨೦೦೬ರ ಮಾರ್ಚ್‌ನಲ್ಲಿ ಮತ್ತೆ ಹಿಡಿದಾಗ ತೂಕ ಇಪ್ಪತ್ತೈದು ಪೌಂಡು ಮೀರಿತ್ತು; ೧೯೩೨ರಿಂದ ನಿಂತಿದ್ದ ವಿಶ್ವದಾಖಲೆಗಿಂತ ಹೆಚ್ಚು. ಆದರೆ ಕೊಕ್ಕೆಯು ಬಾಯಿಗಲ್ಲದೆ ಮೈಗೆ ಚುಚ್ಚಿದ್ದುದರಿಂದ ದಾಖಲೆಯಾಗಲಿಲ್ಲ. ೨೦೦೮ರಲ್ಲಿ ಅದರ ಹೆಣ ತೇಲಿತು. ಮಾಧ್ಯಮಗಳಲ್ಲಿ ಚರ್ಚೆಯಾದುದು ಹೆಚ್ಚಾಗಿ ತೂಕ ಮತ್ತು ದಾಖಲೆ.

ಕೊಲ್ಲಲಿಲ್ಲವೆಂಬ ಸಮಾಧಾನಕ್ಕೆ ಶಾಸ್ತ್ರದಲ್ಲಿ ಎಡೆಯಿಲ್ಲ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳು ಕಟ್ಟುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಪ್ರಾಣ ತೆಗೆಯುವುದು ಈ ಪಟ್ಟಿಯಲ್ಲಿಯೇ ಇಲ್ಲ. ಅದಕ್ಕಿಂತ ಮೊದಲೇ ವ್ರತವು ಕೆಡುತ್ತದೆ. ಗೃಹಸ್ಥನಿಗೆ ಅಡಿಗೆಯಲ್ಲಿ, ಕೃಷಿಯಲ್ಲಿ, ವ್ಯಾಪಾರದಲ್ಲಿ ತಪ್ಪದ ಹಿಂಸೆಯುಂಟು; ಅದಕ್ಕೆ ನೆಪವಾದರೂ ಇದೆ. ಪ್ರಯೋಜನವಿಲ್ಲದೆ ಜೀವಕ್ಕೆ ನೋವು ಕೊಡುವುದು ಅನರ್ಥದಂಡ. ತಿನ್ನುವುದಿಲ್ಲ ಎಂದು ಹೆಮ್ಮೆಪಡುವವನು ತನಗೆ ಪ್ರಯೋಜನವಿಲ್ಲವೆಂದು ತಾನೇ ಸಾಕ್ಷಿ ನುಡಿದಂತಾಗುತ್ತದೆ.

ಕೆಲವು ಗೂಡುಗಳು ಉಳಿದರೂ ಸರೋವರ ತುಂಬುವಷ್ಟು ಮರಿಗಳಾಗುತ್ತವೆ, ಒಟ್ಟು ಸಂಖ್ಯೆಗೆ ಕುಂದಿಲ್ಲ ಎಂದು ದಕ್ಷಿಣದ ರಾಜ್ಯಗಳ ಮತ್ಸ್ಯ ತಜ್ಞರಲ್ಲಿ ಅನೇಕರು ಹೇಳುತ್ತಾರೆ. ಅದು ಅಲ್ಲಲ್ಲಿ ನಿಜವೂ ಇರಬಹುದು. ವರ್ಷಾಂತ್ಯಕ್ಕೆ ಅಂಗಡಿಯು ಲಾಭದಲ್ಲಿದೆಯೆಂದು ಒಬ್ಬ ಗಿರಾಕಿಗೆ ತೂಕದಲ್ಲಿ ಮೋಸ ಮಾಡಿದುದು ಸರಿಯಾಗುವುದೆ? ನೋವು ಒಟ್ಟು ಸಂಖ್ಯೆಗಾಗುವುದಿಲ್ಲ, ಗೂಡಿನ ಮೇಲೆ ನಿಂತ ಒಂದು ಜೀವಕ್ಕಾಗುತ್ತದೆ.

ಕೆನಡಾದ ಆಂಟೇರಿಯೋ ಪ್ರಾಂತದ ದಕ್ಷಿಣ ಭಾಗದ ಬಹುಪಾಲು ಸರೋವರಗಳಲ್ಲಿ ಮೊಟ್ಟೆ ಕಾಯುವ ವಾರಗಳಲ್ಲಿ, ಜೂನ್ ಉತ್ತರಾರ್ಧದವರೆಗೆ, ಬಾಸ್ ಹಿಡಿಯುವುದು ನಿಷಿದ್ಧ. ಹಿಡಿದು ಬಿಡುವೆನೆಂದರೂ ಆಗದು. ಸಂಯುಕ್ತ ಸಂಸ್ಥಾನಗಳ ದಕ್ಷಿಣದ ಬಹುತೇಕ ರಾಜ್ಯಗಳಲ್ಲಿ ಇಂತಹ ತಡೆಯಿಲ್ಲ. ಅಲ್ಲಿನ ಮತ್ಸ್ಯ ಇಲಾಖೆಗಳು ನಿಯಮಗಳನ್ನು ಬದಲಿಸುವಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತವೆ. ಅಲ್ಲಿ ಪೌರರಾಗಿರುವ ಶ್ರಾವಕರು, ಗೂಡಿನ ವಾರಗಳಲ್ಲಿ ತೆಳುನೀರನ್ನು ಮುಚ್ಚಿರೆಂದು ಒಂದು ಪುಟ ಬರೆದು ಕಳುಹಿಸಲು ಯಾವ ಅಡ್ಡಿಯೂ ಇಲ್ಲ.