ಬಾಗಿಲ ಮೇಲಿನ ‘ನಾಳೆ ಬಾ’

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ - ಈ ನಾಲ್ಕು ತಾಲೂಕುಗಳ ಶಾಲೆ-ಕಾಲೇಜುಗಳಿಂದ ಪ್ರತಿವರ್ಷ ಹೊರಬರುವ ತರುಣ ತರುಣಿಯರ ಮುಂದೆ ಎರಡೇ ದಾರಿಗಳಿವೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಸರಕಾರಿ ನೌಕರಿಯ ಜಾಹೀರಾತು ಹೊರಡುವವರೆಗೆ ಮನೆಯಲ್ಲಿ ಕಾಯುವುದು ಒಂದು. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವ ಬಸ್ಸನ್ನು ಹತ್ತುವುದು ಇನ್ನೊಂದು. ಇವೆರಡೂ ತಪ್ಪು ದಾರಿಗಳಲ್ಲ. ಆದರೆ ಮೂರನೆಯ ದಾರಿಯೊಂದು ಊರ ಅಗಸಿಯ ಒಳಗೇ ಇದ್ದು, ಅದನ್ನು ಕಂಡವರು ಸಹ ಅದರಲ್ಲಿ ಮೊದಲ ಹೆಜ್ಜೆಯಿಡದೆ ವರ್ಷಗಳನ್ನು ಕಳೆಯುತ್ತಿದ್ದಾರೆಂಬುದು ಶಿಕ್ಷಕರೂ ಪಾಲಕರೂ ಗಂಭೀರವಾಗಿ ವಿಚಾರಿಸತಕ್ಕ ಸಂಗತಿಯಾಗಿದೆ.

ಆ ಮೂರನೆಯ ದಾರಿಯೆಂದರೆ ಸಣ್ಣದಾದ, ಆದರೆ ತನ್ನದೇ ಆದ ಉದ್ಯಮ. ದೊಡ್ಡ ವ್ಯಾಪಾರಿಗಳು ಗಮನಿಸದೆ ಬಿಟ್ಟ ಒಂದು ಚಿಕ್ಕ ಅವಶ್ಯಕತೆಯನ್ನು ಗುರುತಿಸಿ, ಅದನ್ನು ಉಳಿದವರಿಗಿಂತ ಚೆನ್ನಾಗಿ ಪೂರೈಸುವುದೇ ಅದರ ಗುಟ್ಟು. ಇದಕ್ಕೆ ದೃಷ್ಟಾಂತವನ್ನು ದೂರ ದೇಶದಿಂದ ತರಬೇಕಾಗಿಲ್ಲ. ಹಾವೇರಿಯ ಏಲಕ್ಕಿ ಮಾಲೆಯನ್ನು ಅರಿಯದ ಕನ್ನಡಿಗರು ವಿರಳ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ನಡೆದ ಈ ಊರಿಗೆ ‘ಏಲಕ್ಕಿ ಕಂಪಿನ ನಾಡು’ ಎಂಬ ಹೆಸರೇ ಉಂಟು. ಆದರೆ ಏಲಕ್ಕಿ ಹಾವೇರಿಯ ಹೊಲದ ಬೆಳೆಯಲ್ಲ, ಅದು ಮಲೆನಾಡಿನದು. ಹಾವೇರಿಯವರದು ಕೈಗುಣ ಮಾತ್ರ. ಕಾಯಿಗಳನ್ನು ಆರಿಸಿ, ಬಿಳುಪುಗೊಳಿಸಿ, ನೂಲು ಹಾಗೂ ಮಣಿಗಳೊಡನೆ ಪೋಣಿಸಿದಾಗ, ಅಡುಗೆಮನೆಯ ಡಬ್ಬಿಯಲ್ಲಿರಬೇಕಾಗಿದ್ದ ಪದಾರ್ಥವು ಸಭೆಯಲ್ಲಿ ಗಣ್ಯರ ಕೊರಳನ್ನು ಸೇರಿತು. ಬೆಳೆ ಬೇರೆಯವರದಾದರೂ ಬೆಲೆ ತಮ್ಮದಾಗುವ ಬಗೆ ಇದು.

ಬ್ಯಾಡಗಿ ಮೆಣಸಿನಕಾಯಿಯ ಪಾಠ ಇನ್ನೊಂದು ತೆರನಾದುದು. ಮೆಣಸಿನಕಾಯಿಗೆ ಖಾರವೇ ಪ್ರಧಾನವೆಂದು ಲೋಕವು ತಿಳಿದಿದ್ದರೂ, ಬ್ಯಾಡಗಿಯ ಕಾಯಿಗೆ ಖಾರ ಕಡಿಮೆ, ಕೆಂಪು ಹೆಚ್ಚು. ಆ ಕೆಂಪನ್ನೇ ಬಯಸುವ ಗಿರಾಕಿಗಳು ದೊರೆತರು. ಕಾಯಿಯಿಂದ ಬಣ್ಣದ ಸತ್ವವನ್ನು ತೆಗೆದು ಆಹಾರ ಪದಾರ್ಥಗಳಿಗೂ ಸೌಂದರ್ಯಸಾಧನಗಳಿಗೂ ಬಳಸುವ ಕೈಗಾರಿಕೆ ಬೆಳೆಯಿತು. 2011ರಲ್ಲಿ ಆ ಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಲಭಿಸಿತು. ಕೊರತೆಯೆಂದು ತೋರಿದುದೇ ಸರಿಯಾದ ಗಿರಾಕಿಯ ಕಣ್ಣಿಗೆ ಗುಣವಾಗುವುದೆಂಬುದನ್ನು ಇದರಿಂದ ಅರಿಯಬೇಕು.

ಇದೇ ದೃಷ್ಟಿಯಿಂದ ನಾಲ್ಕೂ ತಾಲೂಕುಗಳನ್ನು ಒಮ್ಮೆ ಅವಲೋಕಿಸಬಹುದು. ಸವಣೂರಿನ ವೀಳ್ಯದೆಲೆ ಮತ್ತು ಸವಣೂರಿನ ಖಾರ ಈಗಾಗಲೇ ಹೆಸರುವಾಸಿಯಾಗಿವೆ. ಎಲೆಯಾದರೋ ಬೇಗ ಬಾಡುವ ವಸ್ತು. ಅದನ್ನು ಎರಡು ದಿನ ಹೆಚ್ಚು ಹಸುರಾಗಿಡಬಲ್ಲ ಕಟ್ಟುವಿಕೆಯನ್ನು ಕಲಿತವನು ಎಲೆ ಬೆಳೆಯದೆಯೂ ಬದುಕಬಲ್ಲನು. ಹಾನಗಲ್ಲ ತಾಲೂಕಿನಲ್ಲಿ ಆಪೂಸು ಮಾವಿನ ತೋಪುಗಳಿವೆ. ಹಣ್ಣು ಒಮ್ಮೆಲೇ ಪೇಟೆಗೆ ಬಂದಾಗ ದರ ಕುಸಿಯುವುದು ಹಳೆಯ ಕಥೆ. ಉಪ್ಪಿನಕಾಯಿ, ಹಣ್ಣಿನ ತಿರುಳು, ಕಸಿ ಸಸಿಗಳ ಮಾರಾಟ, ಹುಲ್ಲಿನಲ್ಲಿ ಮಾಗಿಸಿದ ಹಣ್ಣನ್ನು ನೇರವಾಗಿ ಮನೆಗಳಿಗೆ ತಲುಪಿಸುವುದು - ಇವೆಲ್ಲ ಅದೇ ಮರದ ನೆರಳಿನಲ್ಲಿರುವ ಕಸುಬುಗಳು. 2020ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಕಿರು ಆಹಾರ ಸಂಸ್ಕರಣ ಘಟಕಗಳ ಯೋಜನೆಯಲ್ಲಿ ಹಾವೇರಿ ಜಿಲ್ಲೆಗೆ ಗೊತ್ತುಪಡಿಸಿದ ಬೆಳೆಯೂ ಮಾವೇ ಆಗಿದೆ. ಘಟಕದ ಅರ್ಹ ವೆಚ್ಚದಲ್ಲಿ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳ ವರೆಗೆ, ಸಹಾಯಧನವನ್ನು ಆ ಯೋಜನೆಯು ವಿಧಿಸಿತು.

ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ದಿ. ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನ ಉದಾಹರಣೆ ವಿಶೇಷವಾಗಿ ಮನನೀಯವಾದುದು. ಎತ್ತು, ಗಾಡಿ, ಕಣ, ಒಲೆ, ಕುಲುಮೆ - ಹಳ್ಳಿಗರಿಗೆ ನಿತ್ಯದ ನೋಟವಾಗಿದ್ದ ಬದುಕು ಮರೆಯಾಗುತ್ತಿರುವುದನ್ನು ಕಂಡು ಅನೇಕರು ಮರುಗಿದರು. ಆ ಮರುಕವನ್ನು ಆಳೆತ್ತರದ ಶಿಲ್ಪಗಳನ್ನಾಗಿ ಮಾಡಿ ಹೆದ್ದಾರಿಯ ಬದಿಗೆ ನಿಲ್ಲಿಸಿದವರು ಒಬ್ಬರೇ. ಅದನ್ನು ಜನರು ಟಿಕೀಟು ಪಡೆದು ನೋಡುತ್ತಾರೆ. ಸುತ್ತಲಿನ ಕೈಗಳಿಗೆ ಕೆಲಸ ದೊರೆತಿದೆ.

ಹಾಗಾದರೆ ಇಂಥ ಉದ್ಯಮಗಳು ಊರಿಗೆ ಹತ್ತಾಗಿ ಏಕೆ ಹುಟ್ಟುವುದಿಲ್ಲ? ಬಂಡವಾಳವಿಲ್ಲವೆಂಬುದು ಸಿದ್ಧ ಉತ್ತರ. ಅದು ಭಾಗಶಃ ಸತ್ಯ. ಆದರೆ ಬಂಡವಾಳವು ಬೇಡದಿರುವ ಮೊದಲ ಹೆಜ್ಜೆಯೂ ಇಡಲ್ಪಡುವುದಿಲ್ಲವೆಂಬುದು ಪೂರ್ಣ ಸತ್ಯ. ದರ ವಿಚಾರಿಸುವುದಕ್ಕೆ, ಸಂತೆಯಲ್ಲಿ ಒಂದು ದಿನ ನಿಂತು ನೋಡುವುದಕ್ಕೆ, ಐದು ಕಿಲೋ ಉಪ್ಪಿನಕಾಯಿ ಹಾಕಿ ನೆರೆಹೊರೆಗೆ ಮಾರುವುದಕ್ಕೆ ಬ್ಯಾಂಕಿನ ಸಾಲ ಬೇಕಿಲ್ಲ. ಕರ್ನಾಟಕದ ಅನೇಕ ಊರುಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ರೂಢಿಯಿತ್ತು. ರಾತ್ರಿ ಬರುವ ದೆವ್ವವು ಅದನ್ನೋದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬುದು ಜನರ ನಂಬಿಗೆ. ದೆವ್ವಕ್ಕೆ ಬರೆದ ಆ ಬರಹವನ್ನು ಓದಿ ದೈವವೂ ಹಿಂತಿರುಗಿ ಹೋಗುತ್ತಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಈ ಮುಂದೂಡುವಿಕೆಯನ್ನು ಮೈಗಳ್ಳತನವೆಂದು ಹಳಿಯುವುದು ಹಿರಿಯರ ವಾಡಿಕೆ. ಅದು ನ್ಯಾಯವಲ್ಲ. ಸುಗ್ಗಿಯಲ್ಲಿ ಹಗಲಿರುಳು ದುಡಿಯುವ ತರುಣನೇ ತನ್ನ ಸ್ವಂತ ಉದ್ಯಮದ ಮಾತು ಬಂದಾಗ ‘ದೀಪಾವಳಿ ಕಳೆಯಲಿ’ ಎನ್ನುತ್ತಾನೆ. ಅವನನ್ನು ತಡೆಯುವುದು ಸೋಮಾರಿತನವಲ್ಲ, ಅಂಜಿಕೆ. ಸೋತರೆ ಮಂದಿ ಏನೆಂದಾರು, ಓದಿದವನು ಸಂತೆಯಲ್ಲಿ ತಕ್ಕಡಿ ಹಿಡಿದರೆ ಬೀಗರು ಏನೆಂದಾರು ಎಂಬ ಸಂಕೋಚ. ಬಡ ಕುಟುಂಬದ ಮಟ್ಟಿಗಂತೂ ಎಚ್ಚರಿಕೆ ದೋಷವಲ್ಲ, ವಿವೇಕ. ಒಂದು ಸೋಲು ಒಂದು ಎಕರೆ ಹೊಲವನ್ನು ನುಂಗಬಹುದು. ಆದುದರಿಂದ ‘ಧೈರ್ಯ ಮಾಡು’ ಎಂಬ ಬರಿಯ ಉಪದೇಶದಿಂದ ಪ್ರಯೋಜನವಿಲ್ಲ. ಸೋತರೂ ಹೊಲ ಉಳಿಯುವಷ್ಟು ಚಿಕ್ಕದಾಗಿ ಆರಂಭಿಸುವುದನ್ನು ಕಲಿಸಬೇಕಾಗಿದೆ.

ಕಾಲದ ಬೆಲೆಯನ್ನು ಕಲಿಯಲು ಹಿರೇಕೆರೂರ, ರಾಣೇಬೆನ್ನೂರ ಭಾಗದ ಬೀಜೋತ್ಪಾದನೆಯ ಹೊಲಗಳಿಗಿಂತ ಉತ್ತಮ ಪಾಠಶಾಲೆಯಿಲ್ಲ. 1970ರಲ್ಲಿ ಗುಜರಾತದಲ್ಲಿ ಎಚ್-4, 1972ರಲ್ಲಿ ಧಾರವಾಡದಲ್ಲಿ ವರಲಕ್ಷ್ಮಿ ಎಂಬ ಸಂಕರಣ ಹತ್ತಿಯ ತಳಿಗಳು ಹೊರಬಂದ ಮೇಲೆ ಕೈಯಿಂದ ಪರಾಗಸ್ಪರ್ಶ ಮಾಡುವುದೇ ಒಂದು ಕಸುಬಾಯಿತು. ಮರುದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನವೇ ಗುರುತಿಸಿ ಅದರ ಕೇಸರಗಳನ್ನು ತೆಗೆಯಬೇಕು. ಬೆಳಗಾಗುತ್ತಲೇ ಗಂಡು ತಳಿಯ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಆ ಹೊತ್ತು ಮೀರಿದರೆ ಆ ಹೂವಿನ ಬೀಜ ಹೋದಂತೆಯೇ. ಆ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ‘ಕೆಲಸ ಮಾಡಬೇಕು’ ಎಂದಷ್ಟೇ ಸಂಕಲ್ಪಿಸುವುದಿಲ್ಲ. ಯಾವ ಸಾಲು, ಯಾವ ಹೊತ್ತು, ಯಾವ ಕೈ ಎಂಬುದು ಮೊದಲೇ ನಿಶ್ಚಿತವಾಗಿರುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರತಿಪಾದಿಸಿದುದೂ ಇದನ್ನೇ: ಎಂದು, ಎಲ್ಲಿ, ಹೇಗೆ ಮಾಡುವೆನೆಂಬುದನ್ನು ಮೊದಲೇ ನಿರ್ಧರಿಸಿಕೊಂಡವನು, ಬರಿದೆ ಮಾಡುವೆನೆಂದುಕೊಂಡವನಿಗಿಂತ ಹೆಚ್ಚಾಗಿ ಕಾರ್ಯವನ್ನು ಕೈಗೂಡಿಸುತ್ತಾನೆ. ‘ವ್ಯಾಪಾರ ಮಾಡುವೆ’ ಎಂಬುದು ಆಸೆ. ‘ಬರುವ ಸಂತೆಯ ದಿನ ಬೆಳಿಗ್ಗೆ ಎಂಟಕ್ಕೆ ಹತ್ತು ಅಂಗಡಿಗಳಲ್ಲಿ ದರ ಬರೆದುಕೊಳ್ಳುವೆ’ ಎಂಬುದು ಆರಂಭ.

ಆದರೆ ಇದೇ ಬೀಜದ ಹೊಲವು ಒಂದು ಎಚ್ಚರಿಕೆಯನ್ನೂ ನೀಡುತ್ತದೆ. ಮೂಲ ತಳಿಗಳು ಕಂಪನಿಯ ಕೈಯಲ್ಲಿದ್ದು ಶ್ರಮ ಮಾತ್ರ ರೈತನದಾದಾಗ, ದರವನ್ನು ಗೊತ್ತುಪಡಿಸುವ ಅಧಿಕಾರವೂ ಅವನದಾಗಿ ಉಳಿಯುವುದಿಲ್ಲ. ಮೊಳಕೆಯ ಪರೀಕ್ಷೆಯಲ್ಲಿ ಬೀಜ ತಿರಸ್ಕೃತವಾದರೆ ನಷ್ಟವೂ ಅವನದೇ. ಆದುದರಿಂದ ಕಸುಬನ್ನು ಕಾಣುವ ಕಣ್ಣು, ಅದರ ಕೀಲಿಕೈ ಯಾರಲ್ಲಿದೆಯೆಂಬುದನ್ನೂ ನೋಡಬೇಕು. ಹಾಗೆಯೇ ಒಬ್ಬನ ಅಂಗಡಿ ನಡೆದೊಡನೆ ಅದೇ ಓಣಿಯಲ್ಲಿ ಐದು ಜನ ಅದೇ ಅಂಗಡಿಯನ್ನು ತೆರೆಯುವುದು ಉದ್ಯಮಶೀಲತೆಯಲ್ಲ. ಅದು ಕಣ್ಣು ತೆರೆದು ಮಾಡಿದ ಕುರುಡುತನ.

ನಿಜವಾದ ಕಾಣುವಿಕೆ ಯಾವುದೆಂಬುದನ್ನು ಹಾನಗಲ್ಲಿನ ಇತಿಹಾಸವೇ ತೋರಿಸಿದೆ. 1892ರಲ್ಲಿ ಆ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಅಂಧ ಬಾಲಕನ ಕಂಠದಲ್ಲಿ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಸಂಗೀತವನ್ನು ಕಂಡರು. ಕನಿಕರಪಟ್ಟು ಸುಮ್ಮನಾಗದೆ ವಿದ್ಯೆಯ ಏರ್ಪಾಡನ್ನು ಮಾಡಿದರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳಾಗಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅಸಂಖ್ಯ ಅಂಧ ಮಕ್ಕಳ ಕೈಗೆ ಭಿಕ್ಷಾಪಾತ್ರೆಯ ಬದಲು ವಾದ್ಯವನ್ನಿತ್ತರು. ಅದು ವ್ಯಾಪಾರವಲ್ಲ, ಆದರೂ ಲೋಕವು ನಿರುಪಯೋಗಿಯೆಂದು ಬಿಟ್ಟುದರಲ್ಲಿ ಜೀವನೋಪಾಯವನ್ನು ಕಾಣುವ, ಕಂಡುದನ್ನು ನಾಳೆಗೆ ದೂಡದ ಗುಣ ಎರಡಕ್ಕೂ ಒಂದೇ. ಕಾಯಕವೆಂಬ ಮಾತಿನ ತಿರುಳೂ ಇದೇ.

ಈ ಕಾರ್ಯದಲ್ಲಿ ಶಾಲೆಗಳ ಹೊಣೆ ಚಿಕ್ಕದಲ್ಲ. ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯು ವರ್ಷಕ್ಕೊಮ್ಮೆ ತನ್ನೂರ ಸಂತೆಯನ್ನು ಅಭ್ಯಸಿಸಿ, ಹೊರಗಿನಿಂದ ಬರುವ ಯಾವ ವಸ್ತು ಊರಲ್ಲೇ ತಯಾರಾಗಬಹುದೆಂಬುದನ್ನು ಬರೆಯುವಂತೆ ಶಿಕ್ಷಕರು ಮಾಡಬಹುದು. ವ್ಯಾಪಾರದಲ್ಲಿ ನೆಲೆನಿಂತ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬ ತರುಣನ ಲೆಕ್ಕದ ಪುಸ್ತಕವನ್ನು ತಿಂಗಳಿಗೊಮ್ಮೆ ನೋಡುವ ಹೊಣೆ ಹೊರಬಹುದು. ಮತ್ತೊಬ್ಬರಿಗೆ ಲೆಕ್ಕ ಒಪ್ಪಿಸಬೇಕಾದವನು ದಿನ ತಪ್ಪಿಸುವುದು ಕಡಿಮೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಸ್ವ-ಉದ್ಯೋಗದ ಉಚಿತ ತರಬೇತಿಯನ್ನು ನೀಡುತ್ತಿವೆ. ಅಲ್ಲಿಗೆ ಅರ್ಜಿ ತುಂಬಿಸುವ ಕೆಲಸವಾದರೂ ಶಾಲೆಯ ಕಚೇರಿಯಲ್ಲಿ ನಡೆಯಲಿ. ದಾನಿಗಳು ಕೊಠಡಿ ಕಟ್ಟಿಸಿ ಕಲ್ಲಿನಲ್ಲಿ ಹೆಸರು ಕೆತ್ತಿಸುವುದು ಸ್ತುತ್ಯವೇ. ಅದರೊಡನೆ, ಸೋತರೆ ಮರಳಿ ಕೇಳದ, ಗೆದ್ದರೆ ಮುಂದಿನವನಿಗೆ ಸಲ್ಲುವ ಚಿಕ್ಕ ನಿಧಿಯೊಂದನ್ನು ಸ್ಥಾಪಿಸಿದರೆ ಅದೂ ದಾಸೋಹವೇ ಆದೀತು. ಅದರ ಮೊದಲ ಸಭೆಯ ದಿನಾಂಕವನ್ನು ಗೊತ್ತುಮಾಡಲು ಮುಂದಿನ ವಾರ್ಷಿಕೋತ್ಸವದ ವರೆಗೆ ಕಾಯಬೇಕಾದ ಕಾರಣವಿಲ್ಲ.